ಹಳದಿ ಬಿದ್ದ ಗೋಧಿ: ಯೂರಿಯಾ ಒಗೆಯುವ ಮುಂಚೆ ಎಲೆ ಎಣಿಸಿ

ದೀಪಾವಳಿ ಮುಗಿದು ಹತ್ತು-ಹದಿನೈದು ದಿನ ಆಗಿರುತ್ತದೆ, ಅಷ್ಟೆ. ಉಪ್ಪಿನಬೆಟಗೇರಿಯ ಎರೆಹೊಲಗಳ ಬದುವಿನ ಮೇಲೆ ಒಂದೇ ಮಾತು ಕಿವಿಗೆ ಬೀಳತೊಡಗುತ್ತದೆ: “ಗೋದಿ ಯಾಕೋ ಹಳದಿ ಬಿದ್ದೈತಲೋ ಯಪ್ಪಾ.” ಮಾತು ಮುಗಿಯುವ ಮೊದಲೇ ಉತ್ತರವೂ ಬಂದಿರುತ್ತದೆ: “ಎಕರೆಕ್ಕೊಂದ್ ಚೀಲ ಯೂರಿಯಾ ಒಗಿ, ನಾಕ ದಿನದಾಗ ಕರ್ರಗಾಗ್ತೈತಿ.”

ಕೆಲವೊಮ್ಮೆ ಕರ್ರಗಾಗುತ್ತದೆ. ಬಹಳ ಸಲ ಆಗುವುದಿಲ್ಲ. ಗೋಧಿ ಹಳದಿ ಬೀಳುವುದಕ್ಕೆ ನಮ್ಮ ಭಾಗದಲ್ಲಿ ಕಡಿಮೆಯೆಂದರೂ ಏಳೆಂಟು ಕಾರಣಗಳಿವೆ. ಯೂರಿಯಾ ಅವುಗಳಲ್ಲಿ ಒಂದಕ್ಕೆ ಮಾತ್ರ ಉತ್ತರ, ಅದೂ ಮಣ್ಣಿನಲ್ಲಿ ಹಸಿ ಇದ್ದರೆ. ಯಾವ ಕಾರಣ ಎಂದು ತಿಳಿಯಲು ದೊಡ್ಡ ಯಂತ್ರವೇನೂ ಬೇಡ. ಒಂದು ಸಲಿಕೆ, ಒಂದು ತಂಬಿಗೆ ನೀರು, ಬೆಳಗಿನ ಒಂದು ತಾಸು ಸಾಕು. ಬಣ್ಣ ನೋಡುವುದಕ್ಕಿಂತ ಮೊದಲು ಯಾವ ಎಲೆ ಎಂದು ನೋಡಬೇಕು, ಅಷ್ಟೇ.

ಉಪವಾಸದಲ್ಲಿ ಗೋಧಿ ಏನು ಮಾಡುತ್ತದೆ?

ಇಂಗ್ಲೆಂಡಿನ ರಾಥಮ್‌ಸ್ಟೆಡ್‌ನಲ್ಲಿ ಬ್ರಾಡ್‌ಬಾಕ್ ಎಂಬ ಹೊಲವಿದೆ. 1843ರಿಂದ ಅಲ್ಲಿ ಗೋಧಿಯ ಪ್ರಯೋಗ ನಡೆದುಕೊಂಡು ಬಂದಿದೆ. ಅದರ ಒಂದು ಪಟ್ಟಿಗೆ ಅಂದಿನಿಂದ ಒಂದು ಹಿಡಿ ಗೊಬ್ಬರ ಬಿದ್ದಿಲ್ಲ. ಆದರೂ ಅದು ಹೆಕ್ಟೇರಿಗೆ ಸುಮಾರು ಒಂದು ಟನ್, ನಮ್ಮ ಲೆಕ್ಕದಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಕೊಡುತ್ತಲೇ ಇದೆ. ಅಂದರೆ ಹಸಿದ ಗೋಧಿ ಸಾಯುವುದಿಲ್ಲ, ಸಂಸಾರ ಚಿಕ್ಕದು ಮಾಡಿಕೊಳ್ಳುತ್ತದೆ. ಮೊದಲು ಮರಿ ಒಡೆಯುವುದನ್ನು ನಿಲ್ಲಿಸುತ್ತದೆ. ಒಡೆದ ಮರಿಗಳಲ್ಲಿ ಕೆಲವನ್ನು ಒಣಗಿಸುತ್ತದೆ. ಆಮೇಲೆ ತೆನೆಯಲ್ಲಿ ಕಾಳಿನ ಸಂಖ್ಯೆ ಇಳಿಸುತ್ತದೆ. ಉಳಿದ ನಾಲ್ಕು ಕಾಳನ್ನಾದರೂ ಮೊಳೆಯುವಷ್ಟು ತುಂಬಿಸಲು ಕೊನೆಯತನಕ ಹೆಣಗುತ್ತದೆ. ಹಾಗಾಗಿ ರೈತನಿಗಾಗುವ ನಷ್ಟ ಎಲೆ ಹಳದಿಯಾಗುವುದಕ್ಕಿಂತ ಮೊದಲೇ, ಮರಿಗಳ ಲೆಕ್ಕದಲ್ಲಿ ಆಗಿಹೋಗಿರುತ್ತದೆ.

ನೆಲದ ಕೆಳಗೆ ನಡೆಯುವುದು ಬೇರೆಯೇ. ಸಾರಜನಕ ಕಡಿಮೆಯಾದಾಗ ಗಿಡ ಮೇಲಿನ ಬೆಳವಣಿಗೆ ತಗ್ಗಿಸಿ ತನ್ನ ಗಳಿಕೆಯ ಹೆಚ್ಚಿನ ಪಾಲನ್ನು ಬೇರಿಗೆ ಸುರಿಯುತ್ತದೆ. ರಂಜಕ ಕಡಿಮೆಯಾದಾಗ ಬೇರಿನ ಕೂದಲುಗಳು ಉದ್ದವಾಗಿ, ಒತ್ತಾಗಿ ಬೆಳೆಯುತ್ತವೆ. ರಂಜಕ ಮಣ್ಣಿನಲ್ಲಿ ನೀರಿನ ಜೊತೆ ಹರಿದು ಬರುವುದಿಲ್ಲವಲ್ಲ, ಬೇರೇ ಅದರ ಮನೆಬಾಗಿಲಿಗೆ ಹೋಗಬೇಕು. ಕಬ್ಬಿಣ ಸಿಗದಿದ್ದರೆ ಗೋಧಿಯ ಬೇರು ಅಂಟಿನಂಥ ಒಂದು ರಸವನ್ನು ಹೊರಗೆ ಬಿಡುತ್ತದೆ. ಆ ರಸ ಮಣ್ಣಿನ ಕಬ್ಬಿಣವನ್ನು ಹಿಡಿದುಕೊಂಡು ಮತ್ತೆ ಬೇರಿನೊಳಕ್ಕೆ ಬರುತ್ತದೆ. ಹುಲ್ಲಿನ ಜಾತಿಯ ಬೆಳೆಗಳ ಈ ಜಾಣತನವನ್ನು 1970ರ ದಶಕದಲ್ಲಿ ಕಂಡುಕೊಂಡವರು ಜಪಾನಿನ ವಿಜ್ಞಾನಿ ತಕಾಗಿ. ಶೇಂಗಾ, ಕಡಲೆಗೆ ಈ ವಿದ್ಯೆ ಗೊತ್ತಿಲ್ಲ. ಸುಣ್ಣದ ಹೊಲದಲ್ಲಿ ಶೇಂಗಾ ಬಿಳುಚಿಕೊಂಡರೂ ಅದೇ ಹೊಲದ ಗೋಧಿ ಹಸಿರಾಗಿ ನಿಲ್ಲುವುದಕ್ಕೆ ಇದೂ ಒಂದು ಕಾರಣ.

ನಮಗೆ ಹೊಲದಲ್ಲಿ ಉಪಯೋಗಕ್ಕೆ ಬರುವ ಸಂಗತಿ ಮುಂದಿನದು. ಸಾರಜನಕ, ರಂಜಕ, ಪೊಟ್ಯಾಷ್, ಮೆಗ್ನೀಷಿಯಂ ಇವು ಗಿಡದೊಳಗೆ ಓಡಾಡಬಲ್ಲ ಪೋಷಕಾಂಶಗಳು. ಕೊರತೆ ಬಿದ್ದಾಗ ಗಿಡ ಕೆಳಗಿನ ಹಳೇ ಎಲೆಯನ್ನು ಬಿಚ್ಚಿ, ಅದರಲ್ಲಿದ್ದುದನ್ನು ಮೇಲಿನ ಸುಳಿಗೆ ಕಳಿಸುತ್ತದೆ. ಹಳೇ ಎಲೆ ಹಳದಿಯಾಗುವುದು ಈ ಸಾಗಾಟದಿಂದ. ಗಂಧಕ, ಕಬ್ಬಿಣ, ಮ್ಯಾಂಗನೀಸ್, ಸುಣ್ಣದ ಅಂಶ, ಬೋರಾನ್ ಇವು ಒಮ್ಮೆ ಎಲೆಯಲ್ಲಿ ಕೂತರೆ ಸುಲಭಕ್ಕೆ ಏಳುವುದಿಲ್ಲ. ಇವುಗಳ ಕೊರತೆಯಾದರೆ ಹಳೇ ಎಲೆ ಹಸಿರಾಗಿಯೇ ಇದ್ದು, ಹೊಸ ಎಲೆ ಬಿಳುಚುತ್ತದೆ. ಸತು, ನಾವು ಜಿಂಕ್ ಎನ್ನುವುದು, ಇವೆರಡರ ನಡುವಿನದು.

ಎರೆಹೊಲದಲ್ಲಿ ಇದ್ದೂ ಸಿಗದ್ದು

ಉಪ್ಪಿನಬೆಟಗೇರಿಯ ಎರೆಮಣ್ಣು ಬಡಮಣ್ಣಲ್ಲ. ಆದರೆ ಅದು ಕ್ಷಾರದ ಕಡೆಗೆ ವಾಲಿದ ಮಣ್ಣು. ಅಗೆದರೆ ಸುಣ್ಣದ ಹರಳು ಸಿಗುವುದು ನಿಮಗೇ ಗೊತ್ತು. ಇಂಥ ಮಣ್ಣಿನಲ್ಲಿ ರಂಜಕ ಸುಣ್ಣಕ್ಕೆ ಅಂಟಿಕೊಂಡು ಕೂರುತ್ತದೆ. ಸತು, ಕಬ್ಬಿಣ ಇದ್ದರೂ ಕರಗುವುದಿಲ್ಲ. ಗೊಬ್ಬರದ ಚೀಲ ಎಷ್ಟು ಸುರಿದರೂ ಗಿಡದ ಬಾಯಿಗೆ ಬೀಳುವುದು ಅಷ್ಟಕ್ಕಷ್ಟೇ.

ಇನ್ನೊಂದು, ಹಿಂಗಾರಿಗೇ ವಿಶೇಷವಾದ ತೊಡಕು. ಹಸ್ತ, ಚಿತ್ತಿ ಮಳೆಗೆ ಬಿತ್ತಿದ ಗೋಧಿ ಮೊದಲ ಮೂರು ವಾರ ಬೀಜದಿಂದ ಹೊರಟ ಐದಾರು ಬೇರಿನ ಮೇಲೆ ಬದುಕುತ್ತದೆ. ನಿಜವಾದ ಸಂಸಾರಿ ಬೇರು, ಕಿರೀಟಬೇರು ಎನ್ನುತ್ತಾರಲ್ಲ, ಹುಟ್ಟುವುದು ಬಿತ್ತಿದ 20ರಿಂದ 25ನೆಯ ದಿನಕ್ಕೆ, ನೆಲದಿಂದ ಒಂದು ಇಂಚು ಆಳದಲ್ಲಿ. ಅಷ್ಟರಲ್ಲಿ ಮೇಲಿನ ಮಣ್ಣು ಒಣಗಿ ಬಿರುಕು ಬಿಟ್ಟಿದ್ದರೆ ಆ ಬೇರು ಹೊರಡುವುದೇ ಇಲ್ಲ, ಹೊರಟರೂ ಮೊಟಕಾಗಿ ನಿಲ್ಲುತ್ತದೆ. ಕೆಳಗಿನ ಮಣ್ಣಿನಲ್ಲಿ ಹಸಿ ಇದೆ, ಗೊಬ್ಬರ ಇಲ್ಲ. ಮೇಲಿನ ಮಣ್ಣಿನಲ್ಲಿ ಗೊಬ್ಬರ ಇದೆ, ಹಸಿ ಇಲ್ಲ. ಗಿಡ ಹಳದಿಯಾಗುತ್ತದೆ. ಇದು ಗೊಬ್ಬರದ ಕೊರತೆಯೋ ನೀರಿನ ಕೊರತೆಯೋ? ಎರಡೂ ಹೌದು. ಆದರೆ ಇದಕ್ಕೆ ಮತ್ತೊಂದು ಚೀಲ ಯೂರಿಯಾ ಮದ್ದಲ್ಲ.

ನಮ್ಮ ಕಾಕಾ ಒಂದು ವರ್ಷ ಇಂಥದೇ ಒಣಹೊಲಕ್ಕೆ ಇಬ್ಬನಿ ಬಿದ್ದ ಬೆಳಗಿನಲ್ಲಿ ಯೂರಿಯಾ ಎರಚಿದ್ದರು. ಇಬ್ಬನಿಗೆ ಕಾಳು ಕರಗಿತು, ಬಿಸಿಲೇರಿದ ಮೇಲೆ ಒಣಗಿತು. ಕ್ಷಾರಮಣ್ಣಿನ ಮೇಲೆ ಹೀಗೆ ಕರಗಿ ಒಣಗುವ ಯೂರಿಯಾದ ಒಂದು ಪಾಲು ಅಮೋನಿಯಾ ಗಾಳಿಯಾಗಿ ಹೋಗಿಬಿಡುತ್ತದೆ. ಹದಿನೈದು ದಿನ ಕಾದರು. ಬದುವಿನ ಪಕ್ಕದ ಕರಿಕೆ ಹಸಿರಾಯಿತು, ಗೋಧಿ ಇದ್ದಂತೆಯೇ ಇತ್ತು.

ಹೊಲಕ್ಕಿಳಿದು ನೋಡುವ ಕ್ರಮ

1. ಮೊದಲು ದೂರದಿಂದ ನೋಡಿ. ಹಳದಿ ಎಲ್ಲೆಲ್ಲಿದೆ? ಒಂದೇ ಸಾಲು ಉದ್ದಕ್ಕೂ ಬಿಳುಚಿದ್ದರೆ ಕೂರಿಗೆಯ ಆ ತಾಳಿನಲ್ಲಿ ಗೊಬ್ಬರ ಕಟ್ಟಿಕೊಂಡಿತ್ತೆಂದೇ ಅರ್ಥ. ತಗ್ಗಿನಲ್ಲಿ ಮಾತ್ರ ಇದ್ದರೆ ನೀರು ನಿಂತದ್ದು. ದುಂಡಗೆ ಅಲ್ಲಲ್ಲಿ ಇದ್ದರೆ ಒರಲೆ ಅಥವಾ ಬುಡಕೊಳೆ ಇರಬಹುದು.

2. ಹೊಲದಲ್ಲಿ ಎಲ್ಲಾದರೂ ಕಡುಹಸಿರಿನ ತೇಪೆಗಳಿವೆಯೇ? ಕುರಿ ತರುಬಿದ ಜಾಗ, ತಿಪ್ಪೆ ಹಾಕಿದ್ದ ಜಾಗ, ಎತ್ತು ಗಂಜಲ ಹೊಯ್ದ ಜಾಗ ಮಾತ್ರ ಕರ್ರಗಿದ್ದು ಉಳಿದದ್ದೆಲ್ಲ ತಿಳಿಹಳದಿಯಾಗಿದ್ದರೆ ಬಹುಮಟ್ಟಿಗೆ ಅದು ಸಾರಜನಕದ ಹಸಿವು. ಇಷ್ಟು ಅಗ್ಗದ, ಇಷ್ಟು ನಂಬಿಗಸ್ತ ಪರೀಕ್ಷೆ ಇನ್ನೊಂದು ನನಗೆ ಗೊತ್ತಿಲ್ಲ.

3. ಈಗ ಎಲೆ ಎಣಿಸಿ. ಪೂರ್ತಿ ಬಿಚ್ಚಿದ ಹೊಚ್ಚಹೊಸ ಎಲೆ ಒಂದನೆಯದು. ಅಲ್ಲಿಂದ ಕೆಳಗೆ ಎರಡು, ಮೂರು, ನಾಲ್ಕು. ಹಳದಿ ಮೂರು-ನಾಲ್ಕರಲ್ಲಿದೆಯೋ, ಒಂದರಲ್ಲಿದೆಯೋ? ಹತ್ತು ಬೇರೆ ಬೇರೆ ಜಾಗದಲ್ಲಿ ನೋಡಿ. ಒಂದೇ ಗಿಡ ನೋಡಿ ತೀರ್ಮಾನ ಬೇಡ.

4. ಹಳದಿ ಎಲೆಯ ಯಾವ ಭಾಗದಲ್ಲಿ ಶುರುವಾಗಿದೆ? ತುದಿಯೋ, ಅಂಚೋ, ನಟ್ಟನಡುವೋ, ನರಗಳ ಮಧ್ಯದ ಗೆರೆಗಳೋ?

5. ಸಲಿಕೆ ಹಾಕಿ ಒಂದು ಗಿಡವನ್ನು ಮಣ್ಣುಹೆಂಟೆ ಸಮೇತ ಎತ್ತಿ, ತಂಬಿಗೆ ನೀರಿನಲ್ಲಿ ಬೇರು ತೊಳೆಯಿರಿ. ಎಳೆದು ಕಿತ್ತರೆ ಬೇರು ಮಣ್ಣಲ್ಲೇ ಉಳಿಯುತ್ತದೆ. ಬುಡದಲ್ಲಿ ದಪ್ಪನೆಯ ಬಿಳಿ ಕಿರೀಟಬೇರು ಹೊರಟಿದೆಯೇ? ಬೇರು ಕಂದಾಗಿದೆಯೇ? ಮಣ್ಣು ಎಷ್ಟು ಬೆರಳು ಆಳಕ್ಕೆ ಒಣಗಿದೆ?

ಈ ಐದನೆಯದನ್ನೇ ಎಲ್ಲರೂ ಬಿಡುತ್ತಾರೆ. ಎಲೆಯ ಫೋಟೊ ತೆಗೆದು ಅಂಗಡಿಯವರಿಗೆ ವಾಟ್ಸಾಪ್ ಮಾಡುವುದು ಸುಲಭ. ಬೇರಿನ ಫೋಟೊ ಕಳಿಸಿದವರನ್ನು ನಾನು ಇನ್ನೂ ಕಂಡಿಲ್ಲ.

ಯಾವ ಎಲೆ, ಯಾವ ಕೊರತೆ

ಸಾರಜನಕ: ಕೆಳಗಿನ ಎಲೆ ತುದಿಯಿಂದ ಬುಡದ ಕಡೆಗೆ ಒಂದೇ ಸಮನಾಗಿ ಹಳದಿಯಾಗುತ್ತ ಬಂದು ಒಣಗುತ್ತದೆ. ಮೇಲಿನ ಎಲೆ ತಿಳಿಹಸಿರು, ಗಿಡ ಸಣಕಲು, ಮರಿ ಕಡಿಮೆ. ಹಿಂದೆ ಗೋವಿನಜೋಳ ಬೆಳೆದು ಅದರ ದಂಟು-ಕೂಳೆಯನ್ನು ಮಣ್ಣಿಗೆ ಸೇರಿಸಿದ ಬೆನ್ನಿಗೇ ಗೋಧಿ ಬಿತ್ತಿದ್ದರೆ ಇದು ಎದ್ದು ಕಾಣುತ್ತದೆ. ದಂಟು ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಹೊಟ್ಟೆಗೆ ಮೊದಲು ಸಾರಜನಕ ತೆಗೆದುಕೊಳ್ಳುತ್ತವೆ, ಗೋಧಿ ಸರದಿಯಲ್ಲಿ ಹಿಂದೆ ನಿಲ್ಲಬೇಕು. ಮುಂಗಾರಿಗೆ ಹೆಸರು ಬೆಳೆದ ಹೊಲದಲ್ಲಿ ಈ ಕಷ್ಟ ಕಡಿಮೆ.

ಸತು: ನಮ್ಮ ಕಡೆ ಹೆಚ್ಚು ಮೋಸ ಮಾಡುವುದು ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹಳದಿ ಶುರುವಾಗುವುದು ನಡುವಯಸ್ಸಿನ ಎಲೆಗಳಲ್ಲಿ, ಅದೂ ಎಲೆಯ ನಟ್ಟನಡುವೆ. ನಡುನರದ ಅಕ್ಕಪಕ್ಕ ಬಿಳಿಹಳದಿ ಪಟ್ಟೆ ಮೂಡುತ್ತದೆ, ಎಣ್ಣೆ ಹನಿಸಿದಂತೆ ಕಂಡು ಆಮೇಲೆ ಕಂದಾಗಿ ಒಣಗುತ್ತದೆ. ಎಲೆ ಅಲ್ಲಿಗೇ ಮುರಿದು ಬಾಗುತ್ತದೆ. ತುದಿ ಮಾತ್ರ ಇನ್ನೂ ಹಸಿರಾಗಿರುತ್ತದೆ. ಸಾರಜನಕದ ಹಳದಿ ತುದಿಯಿಂದ, ಸತುವಿನದು ನಡುವಿನಿಂದ ಎಂದು ನೆನಪಿಡಿ.

ಇದರಲ್ಲಿ ತಳಿಯ ಪ್ರಶ್ನೆಯೂ ಇದೆ. ಮೂರು ಜಾತಿಯ ಗೋಧಿಯನ್ನೂ ಬೆಳೆಯುವ ನಾಡು ನಮ್ಮದು: ಚಪಾತಿ ಗೋಧಿ, ರವೆ-ಶಾವಿಗೆಯ ಡ್ಯೂರಂ, ಹುಗ್ಗಿ-ಮಾದಲಿಗೆ ಬೇಕಾದ ಸದಕ ಅಥವಾ ಜವೆಗೋಧಿ. ಧಾರವಾಡ ಕೃಷಿ ವಿಶ್ವವಿದ್ಯಾಲಯ ಈ ಮೂರರಲ್ಲೂ ತಳಿ ಕೊಟ್ಟಿದೆ. ಡಿಡಬ್ಲ್ಯುಆರ್ 162 ಮತ್ತು ಯುಎಎಸ್ 304 ಚಪಾತಿ ಗೋಧಿ, ಯುಎಎಸ್ 446 ಡ್ಯೂರಂ, ಡಿಡಿಕೆ 1029 ಸದಕ. ಟರ್ಕಿಯ ಮಧ್ಯ ಅನಟೋಲಿಯಾದ ಸುಣ್ಣದ ಮಣ್ಣಿನಲ್ಲಿ 1990ರ ದಶಕದಲ್ಲಿ ನಡೆದ ಪ್ರಯೋಗಗಳಲ್ಲಿ ಕಂಡುಬಂದದ್ದು, ಸತುವಿನ ಕೊರತೆಗೆ ಚಪಾತಿ ಗೋಧಿಗಿಂತ ಡ್ಯೂರಂ ಬೇಗ ಸೋಲುತ್ತದೆ ಎಂಬುದು. ಪಕ್ಕದ ಹೊಲದವನ ಚಪಾತಿ ಗೋಧಿ ಚೆನ್ನಾಗಿದೆ, ನಮ್ಮ ಡ್ಯೂರಂ ಮಾತ್ರ ಯಾಕೆ ಹೀಗೆ ಎಂದು ಬೀಜದವನನ್ನು ಬೈಯುವ ಮೊದಲು ಇದನ್ನು ನೆನೆಯಿರಿ.

ರಂಜಕ: ಇಲ್ಲಿ ಹಳದಿ ಇರುವುದೇ ಇಲ್ಲ. ಎಲೆ ಮಬ್ಬು ಕಡುಹಸಿರು, ತುದಿ ಮತ್ತು ಬುಡದಲ್ಲಿ ನೇರಳೆ ಛಾಯೆ. ಗಿಡ ಗಿಡ್ಡ, ಮರಿ ಇಲ್ಲ, ತೆನೆ ತಡ. ಕರ್ರಗಿದೆ ಎಂದು ರೈತ ಖುಷಿಯಲ್ಲಿರುತ್ತಾನೆ.

ಗಂಧಕ: ಹೊಸ ಎಲೆ ಒಂದೇ ಸಮ ತಿಳಿಹಳದಿ, ಹಳೇ ಎಲೆ ಹಸಿರು. ಸೂಪರ್ ಫಾಸ್ಫೇಟ್ ಬಿಟ್ಟು ಬರೀ ಡಿಎಪಿ-ಯೂರಿಯಾ ಹಿಡಿದ ಹೊಲಗಳಲ್ಲಿ ಇದು ಇಣುಕುತ್ತದೆ. ಸೂಪರ್ ಫಾಸ್ಫೇಟ್‌ನಲ್ಲಿ ರಂಜಕದ ಜೊತೆ ಶೇ. 11ರಷ್ಟು ಗಂಧಕ ಪುಕ್ಕಟೆ ಬರುತ್ತಿತ್ತು. ಡಿಎಪಿಯಲ್ಲಿ ಅದಿಲ್ಲ.

ಕಬ್ಬಿಣ: ಹೊಸ ಎಲೆಯಲ್ಲಿ ನರ ಹಸಿರು, ನಡುವೆ ಹಳದಿ ಗೆರೆ, ಗೆರೆ ಎಳೆದ ಕಾಗದದಂತೆ. ನೀರು ಹೆಚ್ಚು ನಿಂತಾಗ ಕಂಡು, ಹೊಲ ಆರಿದ ಮೇಲೆ ತಾನಾಗಿಯೇ ಹೋಗುವುದುಂಟು. ಅವಸರ ಬೇಡ.

ಪೊಟ್ಯಾಷ್ ಕೊರತೆಯಲ್ಲಿ ಹಳೇ ಎಲೆಯ ತುದಿ, ಅಂಚು ಸುಟ್ಟಂತಾಗುತ್ತವೆ. ಎರೆಮಣ್ಣಿನಲ್ಲಿ ಸಾಮಾನ್ಯವಾಗಿ ಪೊಟ್ಯಾಷ್ ಸಾಕಷ್ಟಿರುವುದರಿಂದ ಇದು ಅಪರೂಪ.

ಕೊರತೆಯ ವೇಷ ಹಾಕಿದವು

ಎಲೆಯನ್ನು ಬೆರಳಿನಲ್ಲಿ ಉಜ್ಜಿ. ಅರಿಶಿನದ ಅಥವಾ ಇಟ್ಟಿಗೆ ಬಣ್ಣದ ಪುಡಿ ಬೆರಳಿಗೆ ಅಂಟಿದರೆ ಅದು ಭಂಡಾರ ರೋಗ, ಗೊಬ್ಬರದ ಮಾತೇ ಬೇಡ. ಸುಳಿ ಬಿಡಿಸಿ ನೋಡಿ, ಹೇನು ಕೂತು ರಸ ಹೀರುತ್ತಿದ್ದರೂ ಎಲೆ ಬಿಳುಚುತ್ತದೆ. ಕಳೆನಾಶಕ ಹೊಡೆದ ಐದಾರು ದಿನದಲ್ಲಿ ಇಡೀ ಹೊಲ ಒಂದೇ ಸಲ ಹಳದಿಯಾದರೆ ಕಾರಣ ಹುಡುಕುವ ಕಷ್ಟವಿಲ್ಲ. ಬೋರಿನ ನೀರು ಹಾಯಿಸುವ ಸವಳು ಹೊಲದಲ್ಲಿ ಎಲೆಯ ತುದಿ ಸುಡುವುದು ಉಪ್ಪಿನಿಂದ, ಅದಕ್ಕೆ ಇನ್ನಷ್ಟು ಗೊಬ್ಬರ ಹಾಕಿದರೆ ಇನ್ನಷ್ಟು ಉಪ್ಪು ಸುರಿದಂತೆ.

ನಾಲ್ಕು ಸಾಲಿನ ಪರೀಕ್ಷೆ

ಎಲೆ ನೋಡಿ ಅನುಮಾನ ಉಳಿದರೆ ಇಡೀ ಹೊಲದ ಮೇಲೆ ಜೂಜಾಡಬೇಡಿ. ನಾಲ್ಕು ನಾಲ್ಕು ಸಾಲಿನ ಮೂರು ಪಟ್ಟಿ ಗುರುತು ಮಾಡಿ, ಗೂಟ ನೆಡಿ. ನಡುನಡುವೆ ಏನೂ ಹೊಡೆಯದ ಸಾಲು ಬಿಡಿ.

1. ಮೊದಲ ಪಟ್ಟಿಗೆ ಲೀಟರಿಗೆ 20 ಗ್ರಾಂ ಯೂರಿಯಾ.

2. ಎರಡನೆಯದಕ್ಕೆ ಲೀಟರಿಗೆ 5 ಗ್ರಾಂ ಜಿಂಕ್ ಸಲ್ಫೇಟ್. ಎಲೆ ಸುಡದಂತೆ ಅದರ ಅರ್ಧದಷ್ಟು ಸುಣ್ಣದ ತಿಳಿ ಸೇರಿಸಿ, ಸೋಸಿ.

3. ಮೂರನೆಯದಕ್ಕೆ ಲೀಟರಿಗೆ 5 ಗ್ರಾಂ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್. ನಿಂಬೆಹುಳಿ ಚಿಟಿಕೆ ಹಾಕಿ, ಕಲಸಿದ ದಿನವೇ ಹೊಡೆಯಿರಿ. ಮರುದಿನಕ್ಕೆ ಇಟ್ಟರೆ ತುಕ್ಕಿನ ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದು.

ಸಂಜೆ ನಾಲ್ಕರ ಮೇಲೆ ಸಿಂಪಡಿಸಿ. ಒಂದು ವಾರ, ಹತ್ತು ದಿನ ಬಿಟ್ಟು ಹೋಗಿ ನೋಡಿ. ಕಬ್ಬಿಣದ ಕೊರತೆ ಇದ್ದಲ್ಲಿ ಹನಿ ಬಿದ್ದ ಚುಕ್ಕೆ ಚುಕ್ಕೆಯೇ ಹಸಿರಾಗಿರುತ್ತದೆ, ಮೋಸಕ್ಕೆ ಅವಕಾಶವೇ ಇಲ್ಲ. ಸತುವಿನ ಉತ್ತರ ಹೊಸದಾಗಿ ಬಂದ ಎಲೆಯಲ್ಲಿ ಕಾಣುತ್ತದೆ. ಒಣಗಿದ ಎಲೆ ಯಾವ ಮದ್ದಿಗೂ ಮತ್ತೆ ಹಸಿರಾಗದು, ಅದನ್ನು ನೋಡುತ್ತ ಕೂರಬೇಡಿ.

ಯಾವುದಕ್ಕೆ ಏನು

ಸಾರಜನಕವೇ ಎಂದು ಖಾತ್ರಿಯಾದರೆ, ನೀರಾವರಿ ಇದ್ದವರು ಮೇಲುಗೊಬ್ಬರವನ್ನು ಬಿತ್ತಿದ 21ರಿಂದ 30 ದಿನದೊಳಗೆ ಕೊಟ್ಟು, ಬೆನ್ನಿಗೇ ಹಗುರ ನೀರು ಹಾಯಿಸಿ. ಕಾಂಡ ಗಣ್ಣು ಬಿಟ್ಟು ಮೇಲೇಳಲು ಶುರುವಾದ ಮೇಲೆ ಕೊಟ್ಟ ಯೂರಿಯಾ ಹೊಸ ಮರಿ ತರುವುದಿಲ್ಲ. ಕಾಳಿನ ಸತ್ವ ಸ್ವಲ್ಪ ಹೆಚ್ಚಿಸೀತು, ಅಷ್ಟೆ. ಮಳೆಯಾಶ್ರಿತ ಹೊಲದಲ್ಲಿ ಮಣ್ಣು ಒಣಗಿದ್ದರೆ ಎರಚಬೇಡಿ, ಸಿಂಪಡಿಸಿ. ಎಕರೆಗೆ 200 ಲೀಟರ್ ನೀರಿಗೆ 4 ಕಿಲೋ ಯೂರಿಯಾ. ಆದರೆ ಇದರ ಮಿತಿ ತಿಳಿದಿರಲಿ. ನಾಲ್ಕು ಕಿಲೋದಲ್ಲಿ ಸಿಗುವ ಸಾರಜನಕ ಎರಡು ಕಿಲೋಕ್ಕೂ ಕಡಿಮೆ, 45 ಕಿಲೋದ ಚೀಲದಲ್ಲಿ ಇರುವುದು ಸುಮಾರು 20 ಕಿಲೋ. ಸಿಂಪಡಣೆ ಗಿಡವನ್ನು ಮುಂದಿನ ಮಳೆತನಕ ದಾಟಿಸುತ್ತದೆ, ಊಟಕ್ಕೆ ಬದಲಿಯಲ್ಲ. ಎಡೆಕುಂಟೆ ಹೊಡೆದು ಬಿರುಕು ಮುಚ್ಚಿ ಹಸಿ ಉಳಿಸುವುದು ಎಷ್ಟೋ ಸಲ ಯೂರಿಯಾಕ್ಕಿಂತ ಹೆಚ್ಚು ಹಸಿರು ತರುತ್ತದೆ.

ಸತುವಿಗೆ ಈ ಬೆಳೆಯಲ್ಲಿ ಸಿಂಪಡಣೆ, ಎಕರೆಗೆ 200 ಲೀಟರಿಗೆ ಒಂದು ಕಿಲೋ, ಹತ್ತು-ಹದಿನೈದು ದಿನದ ಅಂತರದಲ್ಲಿ ಎರಡು ಸಲ. ಮುಂದಿನ ಬೆಳೆಗೆ ಬಿತ್ತುವಾಗ ಮಣ್ಣಿಗೆ ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್. ಒಮ್ಮೆ ಹಾಕಿದ್ದು ಎರಡು-ಮೂರು ಬೆಳೆಗೆ ಬರುತ್ತದೆ, ಪ್ರತಿವರ್ಷ ಬೇಡ. ಕಬ್ಬಿಣಕ್ಕೆ ಸಿಂಪಡಣೆಯೊಂದೇ ದಾರಿ. ಅನ್ನಭೇದಿಯನ್ನು ಸುಣ್ಣದ ಮಣ್ಣಿಗೆ ಸುರಿದರೆ ಎರಡು ದಿನದಲ್ಲಿ ಕರಗದ ರೂಪಕ್ಕೆ ತಿರುಗಿ ದುಡ್ಡು ದಂಡ.

ರಂಜಕದ ಕೊರತೆಗೆ ಬೆಳೆ ನಿಂತ ಮೇಲೆ ಹೆಚ್ಚೇನೂ ಮಾಡಲಾಗದು. ಅದು ಬಿತ್ತುವಾಗಲೇ ಕೂರಿಗೆಯಲ್ಲಿ ಬೀಜದ ಪಕ್ಕ, ಬೀಜಕ್ಕಿಂತ ತುಸು ಆಳಕ್ಕೆ, ಹಸಿ ಇರುವ ಮಣ್ಣಿಗೆ ಬೀಳಬೇಕು. ಮೇಲೆ ಚೆಲ್ಲಿದ ಡಿಎಪಿ ಎಲ್ಲಿ ಬಿತ್ತೋ ಅಲ್ಲೇ ಕೂತಿರುತ್ತದೆ.

ಮತ್ತೆ ಮತ್ತೆ ಆಗುವ ತಪ್ಪುಗಳು

ಜಿಂಕ್ ಸಲ್ಫೇಟನ್ನು ಡಿಎಪಿ ಜೊತೆ ಕಲಸುವುದು ಮೊದಲನೆಯದು. ಎರಡೂ ಸೇರಿ ಕರಗದ ಗಸಿಯಾಗುತ್ತವೆ, ಗಿಡಕ್ಕೆ ಎರಡೂ ಸಿಗವು. ಆಳು ಒಂದೇ ಸಲ ಮುಗಿಸುತ್ತಾನೆಂದು ಇದನ್ನು ಮಾಡಬೇಡಿ, ಬೇರೆ ಬೇರೆಯಾಗಿ ಹಾಕಿ.

ಯೂರಿಯಾವನ್ನು ಬೀಜಕ್ಕೆ ತಾಗುವಂತೆ ಒಂದೇ ತಾಳಿನಲ್ಲಿ ಬಿಡುವುದು ಇನ್ನೊಂದು. ಮೊಳಕೆ ಸುಟ್ಟು ಸಾಲಿನಲ್ಲಿ ಖಾಲಿ ಜಾಗ ಬೀಳುತ್ತದೆ, ಆಮೇಲೆ ಬೀಜ ಕೆಟ್ಟದ್ದೆಂಬ ದೂರು.

‘ಎಲ್ಲಾ ಸೂಕ್ಷ್ಮ ಪೋಷಕಾಂಶ ಇರುವ’ ಬಣ್ಣದ ಬಾಟಲಿಯನ್ನು ಕಾರಣ ತಿಳಿಯದೆ ಹೊಡೆಯುವುದು ಮೂರನೆಯದು. ಬೆಳೆ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತೆಂದು ಗೊತ್ತಾಗದೆ ಮುಂದಿನ ವರ್ಷವೂ ಅದೇ ಬಾಟಲಿ ಕೊಳ್ಳಬೇಕಾಗುತ್ತದೆ. ಅಂಗಡಿಗೆ ಅದು ಒಳ್ಳೆಯದು.

ಇನ್ನು ಮಣ್ಣು ಪರೀಕ್ಷೆ. 2015ರಲ್ಲಿ ಮಣ್ಣು ಆರೋಗ್ಯ ಕಾರ್ಡ್ ಯೋಜನೆ ಬಂದ ಮೇಲೆ ಕಾರ್ಡು ಬಹಳ ಮನೆಗಳಲ್ಲಿದೆ, ಟ್ರಂಕಿನ ತಳದಲ್ಲಿ. ಹೊಸದಾಗಿ ಮಾಡಿಸುವವರು ಬೇಸಿಗೆಯಲ್ಲಿ, ಗೊಬ್ಬರ ಹಾಕುವ ಮುನ್ನ, ಹೊಲದ ಹತ್ತು-ಹದಿನೈದು ಕಡೆ ಗೇಣುದ್ದಕ್ಕಿಂತ ಕಡಿಮೆ, 15 ಸೆಂಟಿಮೀಟರ್ ಆಳದ ಗುಣಿ ತೆಗೆದು, ಅದರ ಗೋಡೆಯಿಂದ ಮಣ್ಣು ಕೆರೆದು ಕಲಸಿ, ಅರ್ಧ ಕಿಲೋ ಕೊಡಿ. ಬದು, ಗಿಡದ ನೆರಳು, ತಿಪ್ಪೆಯ ಜಾಗ ಬಿಡಿ. ಕಲಸುವುದು ಪ್ಲಾಸ್ಟಿಕ್ ಬುಟ್ಟಿಯಲ್ಲಿರಲಿ. ಸತುವಿನ ಲೇಪವಿರುವ ತಗಡಿನ ಬಕೆಟ್ಟಿನಲ್ಲಿ ಕಲಸಿದರೆ ಬಕೆಟ್ಟಿನ ಸತುವೇ ಮಣ್ಣಿನ ಲೆಕ್ಕಕ್ಕೆ ಸೇರಿಬಿಡುತ್ತದೆ. ವರದಿಯಲ್ಲಿ ಸತು 0.6 ಪಿಪಿಎಂ, ಕಬ್ಬಿಣ 4.5 ಪಿಪಿಎಂ, ಗಂಧಕ 10 ಪಿಪಿಎಂಗಿಂತ ಕೆಳಗಿದ್ದರೆ ಕೊರತೆ ಎಂದು ಓದಿಕೊಳ್ಳಿ. ಎಕರೆವಾರು ಗೊಬ್ಬರದ ಪ್ರಮಾಣವನ್ನು ಆ ವರದಿ ಹಿಡಿದು ರೈತ ಸಂಪರ್ಕ ಕೇಂದ್ರದಲ್ಲಿ ಇಲ್ಲವೇ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಕೇಳಿ. ನೀರಾವರಿ ಗೋಧಿಯ ಲೆಕ್ಕ ಬೇರೆ, ಮಳೆಯಾಶ್ರಿತದ್ದು ಬೇರೆ.

ಡ್ಯೂರಂ ಬೆಳೆಯುವವರಿಗೆ ಖರ್ಚಿಲ್ಲದ ಇನ್ನೊಂದು ವರದಿ ಕಣದಲ್ಲೇ ಸಿಗುತ್ತದೆ. ರಾಶಿಯಿಂದ ನೂರು ಕಾಳು ಎಣಿಸಿ, ಬ್ಲೇಡಿನಿಂದ ಅಡ್ಡಲಾಗಿ ಕೊಯ್ಯಿರಿ. ಒಳಗೆ ಗಾಜಿನಂತೆ, ಬೆಲ್ಲದ ಪಾಕ ಗಟ್ಟಿಯಾದಂತೆ ಹೊಳೆದರೆ ಆ ಕಾಳಿಗೆ ಸಾರಜನಕ ಸಾಕಷ್ಟು ಸಿಕ್ಕಿದೆ, ರವೆ ಉದುರುದುರಾಗಿ ಬರುತ್ತದೆ. ಸುಣ್ಣದಂತೆ ಬೆಳ್ಳಗೆ ಹಿಟ್ಟುಹಿಟ್ಟಾಗಿದ್ದರೆ ಕಾಳು ತುಂಬುವ ಹೊತ್ತಿಗೆ ಗಿಡ ಹಸಿದಿತ್ತು. ನೂರರಲ್ಲಿ ಬಿಳಿಕಾಳು ಎಷ್ಟು ಬಂತೆಂದು ಆ ಮಣ್ಣಿನ ಕಾರ್ಡಿನ ಬೆನ್ನಿಗೇ ಬರೆದು, ಪಕ್ಕದಲ್ಲಿ ಹೊಲದ ಹೆಸರು ಮತ್ತು ವರ್ಷ ಹಾಕಿಡಿ. ಬರುವ ಹಸ್ತ ಮಳೆಗೆ ಕೂರಿಗೆ ಹೂಡುವಾಗ ತೆಗೆದು ನೋಡಲಿಕ್ಕೆ ಬೇಕಾಗುತ್ತದೆ.